ಎಡಭುಜದ ಗಾಯ

"ಇದು ನನ್ನ ಪಿಟೀಲಲ್ಲ. ರಿಪೇರಿಯವರು ಬದಲಾಯಿಸಿಬಿಟ್ಟಿದ್ದಾರೆ. ನೀವಾದ್ರೂ ನಂಬಿ," ಎಂದರು ಮುದುಕಿ, ಮಡಿಲಲ್ಲಿದ್ದ ವಾದ್ಯವನ್ನು ತಡವುತ್ತ. ಆರು ವರ್ಷದಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಮೇಲಿನ ಮಹಡಿಯಿಂದ ತಮ್ಮನೊಡನೆ ಇಳಿದುಬಂದಿದ್ದ ಅಕ್ಕ ಭೂತಗನ್ನಡಿ ತೆಗೆದಳು. ಭೌತಶಾಸ್ತ್ರದ ಪ್ರಯೋಗಾಲಯದಿಂದ ನಿವೃತ್ತಳಾದ ಮೇಲೆ ಆ ಕಟ್ಟಡದ ಕಳವು, ಸುಳ್ಳುಗಳೆಲ್ಲ ಅವಳ ಪಾಲಿಗೇ ಬರುತ್ತಿದ್ದವು. ಚೀಲ ಹಿಡಿದು ಹಿಂದೆ ನಿಲ್ಲುವುದು ತಮ್ಮನ ಕೆಲಸ.

"ಅರಳುಮರಳು, ಅಷ್ಟೇ," ಎಂದ ಮುದುಕಿಯ ಜೊತೆಗಿದ್ದ ತಂಗಿಯ ಮಗ; ಎರಡು ದಿನದ ರಿಪೇರಿಯ ಮೇಲೆ ಪೆಟ್ಟಿಗೆಯನ್ನು ಅಂಗಡಿಯಿಂದ ತಂದವನು ಅವನೇ. "ದೊಡ್ಡಮ್ಮ, ಮರದ ಮೇಲಿನ ಹಳೇ ಗಾಯ ಇಲ್ಲೇ ಇದೆಯಲ್ಲ!"

"ಇದೆ ಕಣೋ. ಅದರ ಜಾಗದಲ್ಲಿಲ್ಲ. ಪಿಟೀಲಿನ ಎಡಭುಜದಲ್ಲಿತ್ತು."

ಅವನು ಒಂದು ಸಂಗೀತ ಪತ್ರಿಕೆ ಬಿಡಿಸಿ ಹಿಡಿದ. ಕುರ್ಚಿಗೆ ಒರಗಿಸಿದ ಪಿಟೀಲು, ಗಾಯ ಬಲಭುಜದಲ್ಲಿ. "ಹೋದ ವರ್ಷದ ಫೋಟೋ. ಐದಕ್ಕೆ ಡಾಕ್ಟರು ಬರ್ತಾರೆ, ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಬರೆದುಕೊಡ್ತಾರೆ. ಆಮೇಲೆ ಮನೆ, ವಾದ್ಯ ಎಲ್ಲ ನಾನೇ ನೋಡ್ಕೋತೀನಿ."

ಮೂಲೆಯಲ್ಲಿ ನಿಂತಿದ್ದ ರಿಪೇರಿಯವರ ಮುಖ ಬಿಳಿಚಿಕೊಂಡಿತ್ತು. ನಾಲ್ಕೂ ಇಪ್ಪತ್ತಾಗಿತ್ತು. ತಮ್ಮ ಬಗ್ಗಿ ಪತ್ರಿಕೆಯ ಹೆಸರು ನೋಡಿದ.

"ಈ ಫೋಟೋ ಇನ್ನೊಂದು ಸಂಗೀತ ಪತ್ರಿಕೆಯಲ್ಲೂ ಬಂದಿತ್ತಲ್ವಾ?" ಎಂದು ಕೇಳಿದ.

"ಆ ಕಸಾನ ಯಾರು ಓದ್ತಾರೆ?"

ತಮ್ಮ ಓದುತ್ತಿದ್ದ. ಹನ್ನೊಂದು ವರ್ಷದಿಂದ ಎರಡಕ್ಕೂ ಚಂದಾದಾರ. ಎರಡನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸಗಳನ್ನು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಬರೆಯುವ ಚಟ. ಅಕ್ಕನಿಗೆ ಅದೊಂದು ತಮಾಷೆ.

"ಓಡು ಮಹಾರಾಯಾ," ಎಂದಳು ಈಗ ಅದೇ ಅಕ್ಕ.

ಏದುಸಿರು ಬಿಡುತ್ತ ಅವನು ತಂದ ಸಂಚಿಕೆಯನ್ನು ಮೇಜಿನ ಮೇಲೆ ಹರಡಿ ಅವಳು ಎಲ್ಲರನ್ನೂ ಹತ್ತಿರ ಕರೆದಳು.

"ಅದೇ ಕುರ್ಚಿ, ಅದೇ ಫೋಟೋ. ಇಲ್ಲಿ ಗಾಯ ಎಡಕ್ಕೆ. ಒಂದು ಪತ್ರಿಕೆಯವರು ಎಡಬಲ ತಿರುಗಾಮುರುಗಾ ಅಚ್ಚು ಹಾಕಿದ್ದಾರೆ. ಯಾರು? ಗದ್ದ ಊರುವ ಪಟ್ಟಿ ನೋಡಿ. ಪಿಟೀಲಿನಲ್ಲಿ ಅದು ಇರೋದು ಎಡಕ್ಕೆ. ನಿಮ್ಮ ಪತ್ರಿಕೆಯಲ್ಲಿ ಬಲಕ್ಕಿದೆ. ಎರಡು ಚಿತ್ರದಲ್ಲೂ ಪಟ್ಟಿ, ಗಾಯ ಒಂದೇ ಕಡೆ. ಈ ವಾದ್ಯದಲ್ಲಿ ಪಟ್ಟಿ ಎಡಕ್ಕೆ, ಗಾಯ ಬಲಕ್ಕೆ! ಇದು ನಕಲಿ. ತಿರುಗಿದ ಫೋಟೋ ನೋಡಿ ಮಾಡಿಸಿದ್ದು."

"ಹಾಗಾದ್ರೆ ರಿಪೇರಿಯವರೇ—" ಎಂದು ತಂಗಿಯ ಮಗ ಬಾಯಿ ಹಾಕಿದ.

"ಅಸಲಿ ಎರಡು ದಿನ ಅವರ ಮೇಜಿನ ಮೇಲಿತ್ತು. ಎದುರಿಗೇ ಇರುವಾಗ ಫೋಟೋ ಯಾಕೆ ಬೇಕು? ಫೋಟೋ ಬೇಕಾಗಿದ್ದು, ನಿಮ್ಮ ದೊಡ್ಡಮ್ಮ ಯಾರಿಗೆ ವಾದ್ಯ ಮುಟ್ಟೋಕೂ ಬಿಡ್ತಿರಲಿಲ್ಲವೋ ಅವರಿಗೆ. ಮುಚ್ಚಿದ ಪೆಟ್ಟಿಗೆ ಅಂಗಡಿಯಿಂದ ಹೊತ್ತು ತಂದವರು ಯಾರು? ಈ ಒಂದೇ ಪತ್ರಿಕೆ ಓದೋರು ಯಾರು?"

"ಎಡಕ್ಕಿತ್ತು ಅಂತ ನಾನು ಹೇಳಿದ್ರೆ ಯಾರು ನಂಬ್ತಿದ್ರು?" ಎಂದರು ರಿಪೇರಿಯವರು, ಮೊದಲ ಸಲ ಬಾಯಿಬಿಟ್ಟು.

ತಂಗಿಯ ಮಗ ತನ್ನ ಕೋಣೆಯ ಬಾಗಿಲಿನತ್ತ ಒಮ್ಮೆ ನೋಡಿದ. ಅಷ್ಟು ಸಾಕಾಯಿತು. ತಮ್ಮ ಒಳಗೆ ಹೋಗಿ ಬೀರುವಿನ ಹಿಂದಿನಿಂದ ಕಂಬಳಿ ಸುತ್ತಿದ ಪಿಟೀಲು ತಂದ.

ಮುದುಕಿಯ ಹೆಬ್ಬೆರಳು ನೇರ ಎಡಭುಜಕ್ಕೆ ಹೋಗಿ ಗಾಯದ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ನಿಮ್ಮನ್ನ ಕಳ್ಳ ಅಂದೆ. ತಪ್ಪಾಯ್ತಪ್ಪ," ಎಂದರು ರಿಪೇರಿಯವರಿಗೆ.

ಐದಕ್ಕೆ ಕರೆಗಂಟೆ ಸದ್ದು ಮಾಡಿತು.

"ಡಾಕ್ಟರಿಗೆ ಬಾಗಿಲು ತೆಗೀರಿ," ಎಂದರು ಮುದುಕಿ, ಪಿಟೀಲನ್ನು ಭುಜಕ್ಕೇರಿಸುತ್ತ. "ನನ್ನ ಬುದ್ಧಿ ಹೇಗಿದೆ ಅಂತ ಕೇಳಿಸ್ಕೊಂಡೇ ಹೋಗಲಿ."