ಇಪ್ಪತ್ತಾರು ಸಾಲು, ಉತ್ತರವಿಲ್ಲ

"ಒತ್ತಬ್ಯಾಡ್ರೀ!"

ಅನ್ನಮ್ಮ ಕೌಂಟರಿನಿಂದ ಬಾಗಿ ಅವನ ಕೈಯಲ್ಲಿದ್ದ ವಾಕಿಟಾಕಿಯನ್ನು ಕಿತ್ತುಕೊಂಡೇ ಬಿಟ್ಟಳು. ಅವನು ಬೆಪ್ಪಾಗಿ ನಿಂತ. ರೋಜಾ ಬಡಾವಣೆಯ ಆ ಪುಟ್ಟ ರೇಡಿಯೋ ರಿಪೇರಿ ಅಂಗಡಿಯಲ್ಲಿ ಗಿರಾಕಿಯ ಸಾಮಾನನ್ನೇ ಕಸಿಯುವ ಹುಡುಗಿ ಇದ್ದಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಲೈಸೆನ್ಸ್ ಅದ ಏನ್ರಿ?"

"ಇದಕ್ಕೂ ಲೈಸೆನ್ಸಾ? ಮುಂಬೈದಾಗ ತಗೊಂಡೀನ್ರಿ. ಎರಡೂ ಸೆಟ್ ಒಂದೇ ಚಾನೆಲ್ಲಿಗೆ ಹಚ್ಚಿ ಕೊಡ್ರಿ, ಸಾಕು."

"ಲೈಸೆನ್ಸ್ ಇಲ್ದ ಈ ಗುಂಡಿ ಒತ್ತಿದ್ರ ಕೇಸ್ ಆಗ್ತದ. ಯಾತಕ್ಕ ಬೇಕು ನಿಮಗ?"

"ನಂದು ಕಮಲಾಪುರ. ಒಂದು ಸೆಟ್ ಅಲ್ಲಿ, ಒಂದು ಮಾರ್ಕೆಟ್ಟಿನಾಗ, ನೆಹರು ಗಂಜ್‌ನಾಗ. ತೊಗರಿ ರೇಟ್ ಕೇಳಾಕ."

"ಹವ್ಯಾಸದ ಲೈಸೆನ್ಸ್ ತಗೊಂಡ್ರೂ ಇದರಾಗ ವ್ಯಾಪಾರದ ಮಾತು ಆಡಂಗಿಲ್ರಿ."

"ಮತ್ತೇನ್ ಆಡಬೇಕು?"

"ಆರಾಮ ಇದ್ದೀರಿ? ನನ್ನ ದನಿ ಹೆಂಗ ಕೇಳಸ್ತದ?... ಇಷ್ಟ."

"ಇಷ್ಟಕ್ಕ ಪರೀಕ್ಷಾ ಬರೀಬೇಕೇನ್ರಿ!"

ಅವನು ನಕ್ಕ. ನಕ್ಕರೆ ಚಂದ ಕಾಣುತ್ತಾನೆ ಅಂತ ಅನ್ನಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅವನ ಹೆಸರು ಭೀಮಶಾ. ಅಂಗಡಿಯ ಮಾಲೀಕ ಇಮಾಮುದ್ದೀನ್ ಚಾಚಾ ಪ್ರತಿ ಭಾನುವಾರ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪಾಠ ಮಾಡುತ್ತಿದ್ದರು. ಭೀಮಶಾ ತೊಗರಿ ರೇಟು ಮರೆತು ಆ ಪಾಠಕ್ಕೆ ಬರತೊಡಗಿದ. ಯಾಕೆ ಬರುತ್ತಾನೆಂದು ಚಾಚಾಗೆ ಎರಡನೇ ವಾರವೇ ತಿಳಿಯಿತು. ಅವರು ಮೋರ್ಸ್ ಸಂಕೇತ ಕಲಿಸುವ ಕೆಲಸವನ್ನು ಅನ್ನಮ್ಮನಿಗೆ ವಹಿಸಿ, ಚಹಾ ಕುಡಿಯಲು ಎದ್ದು ಹೋದರು.

ಪರೀಕ್ಷೆ, ಪೊಲೀಸ್ ವಿಚಾರಣೆ, ದೆಹಲಿಯಿಂದ ಬರಬೇಕಾದ ಕಾಗದ... ಎಲ್ಲ ಸೇರಿ ಒಂದೂವರೆ ವರ್ಷ ಹಿಡಿಯಿತು. ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಭೀಮಶಾ ಕಮಲಾಪುರದ ಮನೆಯ ಮಾಳಿಗೆ ಮೇಲೆ ಉದ್ದನೆಯ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದ. ಅನ್ನಮ್ಮನ ಆಂಟೆನಾ ನಂದೂರಿನಲ್ಲಿ, ಅವಳ ಅಪ್ಪ ಮಲ್ಕಪ್ಪ ದುಡಿಯುವ ಬೇಳೆ ಗಿರಣಿಯ ಪಕ್ಕದ ಮನೆಯ ಮೇಲಿತ್ತು.

ದಿನಾ ಬೆಳಿಗ್ಗೆ ಆರೂವರೆಗೆ ಅವನು ಕರೆಯುತ್ತಿದ್ದ.

"ಆರಾಮ ಇದ್ದೀರಿ?"

"ಆರಾಮ ಇದ್ದೀನ್ರಿ. ನನ್ನ ದನಿ ಹೆಂಗ ಕೇಳಸ್ತದ?"

ಅಷ್ಟೇ ಮಾತು. ಆ ಅಷ್ಟಕ್ಕಾಗಿ ಅನ್ನಮ್ಮ ಐದಕ್ಕೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಅವನ ದನಿ ತಡವರಿಸಿತು.

"ನಾಳೆ... ನಿಮಗ ಒಂದು ಮಾತು ಕೇಳೋದದ. ಬರೋಬ್ಬರಿ ಕೇಳಿಸ್ಕೋಬೇಕು."

ಇಡೀ ದಿನ ಅವಳ ಕಾಲು ನೆಲಕ್ಕೆ ತಾಗಲಿಲ್ಲ. 'ಅದೇ ಮಾತಾ? ಅದೇ ಇರಬೇಕು... ದೇವರೇ, ಅದೇ ಇರಲಿ!' ಗಿರಣಿಯ ಮೋಟಾರು ರೇಡಿಯೋದಲ್ಲಿ ಎಬ್ಬಿಸುವ ಗೊರಗೊರ ನಡುವೆ ಬಂದು ಆ ಮಾತು ಕೆಡಬಾರದೆಂದು, ಸಂಜೆ ಕೂತು ತನ್ನ ಸೆಟ್ಟಿನಲ್ಲಿ ಗದ್ದಲ ತಡೆಯುವ ಟೋನ್ ಹಾಕಿದಳು. ಗೊರಗೊರ ನಿಂತಿತು.

ಮರುದಿನ ಆರೂವರೆ ಆಯಿತು. ಏಳಾಯಿತು. ಕರೆ ಬರಲಿಲ್ಲ.

ಅದರ ಮರುದಿನವೂ ಇಲ್ಲ!

'ಕೇಳ್ತೀನಿ ಅಂದವರು ಅವರು. ನಾನ್ಯಾಕ ಕರೀಲಿ? ಮನಸ್ಸು ಬದಲಾಗಿರಬೇಕು...' ಅವಳು ಅತ್ತಳು. ಆದರೂ ಪ್ರತಿ ಬೆಳಿಗ್ಗೆ ಸೆಟ್ಟಿನ ಮುಂದೆ ಕೂರುವುದನ್ನು ಬಿಡಲಿಲ್ಲ.

ಹೀಗೇ ದಿನ ಕಳೆದವು. ಭೀಮಶಾ ಭಾನುವಾರವೂ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ಬಂದವನು ಅವಳತ್ತ ನೋಡದೆ ಸೆಟ್ಟನ್ನು ಕೌಂಟರಿನ ಮೇಲಿಟ್ಟ.

"ಚಾಚಾ, ಇದನ್ನ ಲೈಸೆನ್ಸ್ ಇದ್ದವರಿಗೆ ಕೊಟ್ಟುಬಿಡ್ರಿ. ನನಗ ಇನ್ನ ಬ್ಯಾಡ."

ಚಾಚಾ ಇಬ್ಬರ ಮುಖ ನೋಡಿದರು. "ಬೇಟಿ, ಇವರ ಕಾಗದ, ಲಾಗ್‌ಬುಕ್ ಎಲ್ಲಾ ನೋಡಿ ತಗೋ."

ಮಾಡಿದ ಪ್ರತಿಯೊಂದು ಕರೆಯನ್ನೂ, ಉತ್ತರ ಬಂದರೂ ಬಾರದಿದ್ದರೂ, ಲಾಗ್‌ಬುಕ್ಕಿನಲ್ಲಿ ಬರೆಯಬೇಕೆಂದು ಅವನಿಗೆ ಕಲಿಸಿದವಳು ಅನ್ನಮ್ಮನೇ. ಪುಟ ತಿರುವಿದಳು. ತಾರೀಖು, ಬೆಳಿಗ್ಗೆ ಆರೂವರೆ, ಅವಳ ರೇಡಿಯೋ ಗುರುತಾದ ಕಾಲ್‌ಸೈನ್, ಉತ್ತರವಿಲ್ಲ. ಮರುದಿನದ ತಾರೀಖು, ಆರೂವರೆ, ಉತ್ತರವಿಲ್ಲ. ಎಣಿಸಿದರೆ ಇಪ್ಪತ್ತಾರು ಸಾಲು. ಕೊನೆಯದು ಅಂದಿನ ಬೆಳಗಿನದೇ!

"ದಿನಾ ಕರದೀರಿ?"

"ಕರದೀನಿ."

ಅವಳು ಚೀಲದಿಂದ ತನ್ನ ಸೆಟ್ ತೆಗೆದಳು. ಪರದೆಯ ಮೂಲೆಯಲ್ಲಿ ಟೋನ್ ಗುರುತು ತಣ್ಣಗೆ ಕೂತಿತ್ತು. ಅದೇ ಟೋನ್ ಅವನ ಸೆಟ್ಟಿನಲ್ಲೂ ಇರಬೇಕಿತ್ತು. ಇಲ್ಲದಿದ್ದರೆ ಗಿರಣಿಯ ಗದ್ದಲದ ಜೊತೆ ಅವನ ದನಿಯೂ ಹೊರಗೇ ನಿಲ್ಲುತ್ತದೆ. ಎಷ್ಟೋ ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳಿದವಳು, ಅಂದು ಖುಷಿಯಲ್ಲಿ ಅವನಿಗೆ ಹೇಳುವುದನ್ನೇ ಮರೆತಿದ್ದಳು.

"ನಿಮ್ಮ ಮಾತು ಚಲೋ ಕೇಳಲಿ ಅಂತ ಟೋನ್ ಹಾಕ್ದೆ... ನಿಮ್ಮನ್ನ ಹೊರಗ ನಿಲ್ಲಿಸಿದಾಕಿ ನಾನ!" ಅವಳ ಕಣ್ಣು ತುಂಬಿ ಬಂತು. "ಉತ್ತರ ಇಲ್ಲಂದ್ರೂ ಯಾಕ ಕರದ್ರಿ?"

"ಕೇಳಾಕತ್ತೀರಿ, ಸಿಟ್ಟಿಗೆ ಮಾತಾಡವಲ್ರಿ ಅಂತ ತಿಳಿದಿದ್ದೆ. ಕೇಳಿದ್ರ ಸಾಕು ಅನ್ನಿಸ್ತಿತ್ತು..."

"ಆ ಮಾತು ಈಗ ಕೇಳ್ರಿ."

"ಇಲ್ಲಿ ಬ್ಯಾಡ್ರಿ. ಚಾಚಾ ಅದಾರ."

"ರೇಡಿಯೋದಾಗ ಜಿಲ್ಲಾನೇ ಕೇಳ್ತದಲ್ರಿ!"

ಚಾಚಾ ಸೆಟ್ಟನ್ನು ಅವನ ಕೈಗೇ ತಿರುಗಿ ಕೊಟ್ಟು, ಚಹಾ ಕುಡಿಯಲು ಎದ್ದರು. "ನಾಳೆ ಆರೂವರೆಗೆ ಕೇಳ್ತೀನ್ರಿ," ಅಂದು ಭೀಮಶಾ ಸೆಟ್ ಹಿಡಿದು ಹೊರಟ.

ಮರುದಿನ ಬೆಳಿಗ್ಗೆ ಅನ್ನಮ್ಮ ಟೋನ್ ತೆಗೆದಿದ್ದಳು. ಗಿರಣಿ ಗೊರಗೊರ ಅನ್ನುತ್ತಿತ್ತು. ಅನ್ನಲಿ! ಸರಿಯಾಗಿ ಆರೂವರೆಗೆ ಅದರ ನಡುವಿನಿಂದಲೇ ಅವನ ದನಿ ಬಂತು. ಮೊದಲು ಕಾನೂನಿನ ಪ್ರಕಾರ ತನ್ನ ಕಾಲ್‌ಸೈನ್ ಹೇಳಿದ. ಆಮೇಲೆ ಉಸಿರು ಎಳೆದುಕೊಂಡದ್ದೂ ಅವಳಿಗೆ ಕೇಳಿಸಿತು.

"ಬರೋ ಐತವಾರ ಅವ್ವನ್ನ ಕರ್ಕೊಂಡು ನಿಮ್ಮ ಮನೀಗಿ ಬರ್ಲೇನ್ರಿ? ನಿಮ್ಮಪ್ಪಗ ನಿಮ್ಮನ್ನ ಕೇಳಬೇಕು. ಅದಕ್ಕ ಮದಲ ನಿಮಗ ಕೇಳಾಕತ್ತೀನಿ."

ಅನ್ನಮ್ಮ ಗುಂಡಿ ಒತ್ತಿದಳು.

"ಬರ್ರಿ."

"ನನ್ನ ದನಿ ಹೆಂಗ ಕೇಳಸ್ತದ?"

"ಚಲೋ ಕೇಳಸ್ತದ್ರಿ... ಆದ್ರೂ ಇನ್ನೊಮ್ಮೆ ಹೇಳ್ರಿ."