ನಾಲ್ಕನೇ ಶನಿವಾರದ ಮೊಹರು

2024ರ ಜುಲೈ 15, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಇಬ್ಬರು ಹೆಂಗಸರು ಒಂದೇ ಆಟೋದಲ್ಲಿ ಶಿವಾಜಿನಗರದ ಠಾಣೆಗೆ ಬಂದಿಳಿದರು. ಒಬ್ಬರು ದೂರುದಾರರು. ಇನ್ನೊಬ್ಬರು, ಕಾಗದದ ಪ್ರಕಾರ, ಅವರ ವೈರಿ.

ವಾಜಿದಾ ತಮ್ಮ ಮನೆಯ ಮೇಲೊಂದು ಕೋಣೆ ಕಟ್ಟಲು ಪಾಲಿಕೆಗೆ ನಕ್ಷೆ ಕೊಟ್ಟಿದ್ದರು. ಮಗ ಅಫ್ಜಲನ ನಿಕಾಹ್ ಆಗಿ ಆರು ತಿಂಗಳು. ಕೋಣೆಯಿಲ್ಲದೆ ಸೊಸೆ ಅಲಿಯಾ ಇನ್ನೂ ತವರಿನಲ್ಲೇ ಇದ್ದಳು. ಅರ್ಜಿ ತಿರಸ್ಕೃತವಾಗಿತ್ತು. ಗೋಡೆ ಒತ್ತುವರಿಯಾಗಿದೆ ಎಂದು ಪಕ್ಕದ ಮನೆಯ ಭೀಮಬಾಯಿ ಆಕ್ಷೇಪಣೆ ಬರೆದಿದ್ದಾರಂತೆ.

"ಇದು ನಿಮ್ಮ ಸಹೀನಾ?" ಇನ್ಸ್‌ಪೆಕ್ಟರ್ ಧನಲಕ್ಷ್ಮಿ ಪ್ರತಿ ತೋರಿಸಿದರು.

"ಅಲ್ಲ ಮೇಡಂ. ನಂಗೆ ತಕರಾರಿದ್ರೆ ಕಾಗದ ಯಾಕೆ? ಬಾಯಲ್ಲೇ ಹೇಳ್ತಿದ್ದೆ. ಇಡೀ ಬೀದಿಗೆ ಕೇಳ್ತಿತ್ತು," ಎಂದರು ಭೀಮಬಾಯಿ.

"ಅದು ನಿಜ," ಎಂದರು ವಾಜಿದಾ, ನಗದೆ.

ಸಹಿ ನಕಲಿ ಮಾಡಿದ ಬಗ್ಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.30ಕ್ಕೆ ಪಾಲಿಕೆ ಕಚೇರಿಯಲ್ಲಿ ಪಂಚರ ಎದುರು ಕಡತ ಬಿಚ್ಚಿ ಪಂಚನಾಮೆ ಬರೆಯುವಾಗ ಹೆಡ್ ಕಾನ್‌ಸ್ಟೆಬಲ್ ಬೈಲಪ್ಪ ಪತ್ರದ ಮೇಲಿನ ಸ್ವೀಕೃತಿ ಮೊಹರು ನೋಡಿ ತಡೆದರು. ಜೂನ್ 22.

"ಮೇಡಂ, ಅವತ್ತು ನಾಲ್ಕನೇ ಶನಿವಾರ. ಸರ್ಕಾರಿ ರಜೆ. ನಾನು ಮರೆತು ಇಲ್ಲಿಗೇ ಬಂದು ಬೀಗಕ್ಕೆ ಕೈ ಮುಗಿದು ಹೋಗಿದ್ದೆ."

ಬೀಗದ ಕೈ ಯಾರ ಬಳಿ ಇರುತ್ತದೆ? ಅಟೆಂಡರ್ ಮುನೀಂದ್ರನ ಬಳಿ. ಅವನನ್ನು ಕರೆಸಿದರು.

"ರಜೆ ದಿನ ಬಂದಿದ್ರಾ?"

ಮುನೀಂದ್ರ ಬೀಗದ ಕೈ ಗೊಂಚಲನ್ನು ತೆಗೆದು ಮೇಜಿನ ಮೇಲಿಟ್ಟ.

"ಕಳ್ಳ ಕಾಗದಕ್ಕೆ ಅವತ್ತಿನ ತಾರೀಖೇ ಯಾಕೆ ಹಾಕಿದ್ರಿ?"

"ಬೀಗ ತೆಗೆದ ಕೂಡಲೇ ಮೊಹರಿನ ತಾರೀಖು ತಿರುಗಿಸೋದು ನನ್ನ ಕೆಲಸ ಮೇಡಂ. ಹತ್ತೊಂಬತ್ತು ವರ್ಷ. ಕೈ ತಾನೇ ತಿರುಗಿಸ್ಬಿಡ್ತು."

"ಮನೆ ಎಲ್ಲಿ?"

"ವಾಜಿದಾ ಅವ್ರ ಮನೆ ಹಿಂದೆ. ಮಹಡಿ ಮೇಲೆ."

ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋದರು. ಒಂದೇ ಕೋಣೆ, ಒಂದೇ ಕಿಟಕಿ. ಅದರ ಕೆಳಗೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಅವನ ಹೆಂಡತಿ ಬೃಂದಾ. ಕಿಟಕಿಯಾಚೆ ವಾಜಿದಾರ ಬಯಲು ತಾರಸಿ. ಹೊಸ ಕೋಣೆಯ ಗೋಡೆ ಏಳಬೇಕಿದ್ದದ್ದು ಸರಿಯಾಗಿ ಅದರ ಮುಂದೆ. ಧನಲಕ್ಷ್ಮಿ ಹಾಸಿಗೆಯ ಮೇಲೆ ಬಿದ್ದಿದ್ದ ಬೆಳಕನ್ನು ನೋಡಿದರು.

ವಿಷಯ ತಿಳಿದು ಮೆಟ್ಟಿಲು ಹತ್ತಿ ಬಂದ ವಾಜಿದಾ ಕೇಳಿದರು: "ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ಭಾಯ್?"

"ನಿಮ್ಮ ಸೊಸೆ ಕೋಣೆ ಬಿಟ್ಟುಕೊಡಿ ಅಂತ ಹೇಗೆ ಕೇಳ್ಲಿ?"

4.40ಕ್ಕೆ ಬಂಧನ. ವಾಜಿದಾರ ಹಿಂದೆಯೇ ಬಂದಿದ್ದ ಭೀಮಬಾಯಿ ಆಗಲೇ ಬೃಂದಾಳಿಗೆ ತಟ್ಟೆ ಹಾಕಿದ್ದರು. "ಇವಳ ಊಟ ನಂದು. ನೀನು ನಡಿ. ಈ ಸಲ ನಿನ್ನ ಸಹೀನೇ ಹಾಕು."

ಆಗಸ್ಟಿನಲ್ಲಿ ಧನಲಕ್ಷ್ಮಿ ಆರೋಪಪಟ್ಟಿ ಸಿದ್ಧಪಡಿಸಿದರು. ಕೃತ್ಯದ ಉದ್ದೇಶ: ಹೆಂಡತಿಯ ಕಿಟಕಿ ಮುಚ್ಚಿಹೋಗುವ ಭಯ. ಅಷ್ಟೇ ಬರೆದರು.

ಅದೇ ವಾರ ವಾಜಿದಾ ಮಂಜೂರಾದ ಹೊಸ ನಕ್ಷೆ ಹಿಡಿದು ಠಾಣೆಗೆ ಬಂದರು. ಕೋಣೆ ಬೀದಿಯ ಕಡೆಗೆ ಸರಿದಿತ್ತು. ಹಿಂದೆ ಆರು ಅಡಿ ಖಾಲಿ.

"ಕೋಣೆ ಚಿಕ್ಕದಾಯ್ತಲ್ವಾ?"

"ಮಂಚ ಹಿಡಿಸುತ್ತೆ ಮೇಡಂ. ಅಲಿಯಾನೇ ಅಳತೆ ಹಿಡಿದು ನೋಡಿದ್ಲು."