ಕಿಟಕಿಯ ಕಡೆಯ ಜಾಗ

ಗಂಡ ತೆಮಿರ್ಲಾನ್ ತೀರಿಕೊಂಡ ಏಳನೆಯ ದಿನದ ಊಟ ಮುಗಿದು ನೆಂಟರು ಹೊರಟ ಮರುದಿನ ಬೆಳಿಗ್ಗೆ, ಅವನು ಎರವಲು ತಂದಿದ್ದ ಕ್ಯಾಮೆರಾ ಹಿಡಿದು ನರಿನ್ ಊರಿನ ಶಾಲೆಗೆ ಹೋದೆ. ಅವನು ಅಲ್ಲಿ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದ. ಅವನ ಐವರು ವಿದ್ಯಾರ್ಥಿನಿಯರು ತರಗತಿಯಲ್ಲೇ ಇದ್ದರು.

"ಅಕ್ಕ, ವಾಪಸ್ ಕೊಡೋ ಮುಂಚೆ ನಿಮ್ಮದು ತೆಗೀತೀವಿ," ಎಂದಳು ಆಯ್ಪೆರಿ. "ನಮ್ಮ ತೆಮಿರ್ಲಾನ್ ಮೇಷ್ಟ್ರಿಗೆ ನಿಮ್ಮದೊಂದು ಒಳ್ಳೆ ಫೋಟೊ ಸಿಗಲೇ ಇಲ್ವಂತೆ. ನೀವು ಕಲ್ಲಿನ ಥರ ಕೂರ್ತೀರಂತೆ!"

ಬೆಂಚಿನ ಮೇಲೆ ಕೂತು ಕ್ಯಾಮೆರಾವನ್ನೇ ನೋಡಿದೆ. ಹೊರಗೆ ಹಿಮ ಬೀಳುತ್ತಿತ್ತು. ಆದರೂ ಕಿಟಕಿಯ ಕಡೆಯ ಕೆನ್ನೆ ಬೆಚ್ಚಗಿತ್ತು. ಒಬ್ಬೊಬ್ಬಳೂ ಒಂದೊಂದು ಜಾಗದಿಂದ ತೆಗೆದಳು. ಐದೂ ಚಿತ್ರಗಳಲ್ಲಿ ಕಿಟಕಿಯ ಕಡೆ ಅಗಲವಾಗಿ ಖಾಲಿ ಬಿಟ್ಟಿದ್ದರು.

"ನನ್ನನ್ಯಾಕ್ರೇ ಅಂಚಿಗೆ ತಳ್ಳಿದ್ರಿ?"

"ಮುಖ ತಿರುಗಿರೋ ಕಡೆ ಜಾಗ ಬಿಡಿ ಅಂತ ಮೇಷ್ಟ್ರೇ ಹೇಳಿಕೊಟ್ಟಿದ್ದು. ನೀವು ಆ ಕಡೇನೇ ನೋಡ್ಕೊಂಡು ನಗ್ತಿದ್ರಲ್ಲ!"

ನಿಜ, ಐದರಲ್ಲೂ ನಾನು ಆ ಕಡೆ ತಿರುಗಿ ನಗುತ್ತಿದ್ದೆ.

ಕ್ಯಾಮೆರಾ ಅದೇ ಶಾಲೆಯ ಸಾಪರ್ ಮೇಷ್ಟ್ರದು. ಅವರು ಚಿತ್ರಗಳನ್ನು ನೋಡಿ, "ಚೆನ್ನಾಗಿ ಬಂದಿದೀಯಮ್ಮ. ಯಾರು ನಗಿಸಿದ್ದು?" ಎಂದರು.

ಪಟ್ಟಿ ಸುತ್ತಿ ಕ್ಯಾಮೆರಾವನ್ನು ಅವರ ಕೈಗಿಟ್ಟೆ. ಯಾರೂ ನಗಿಸಿರಲಿಲ್ಲ. ನಾನು ಒಮ್ಮೆಯೂ ಕಿಟಕಿಯ ಕಡೆ ತಿರುಗಿರಲಿಲ್ಲ.